ಗದ್ದೆಯ ಹಲಗೆ, ಕಡಲ ಹಲಗೆ

ನಮ್ಮೂರು ಕಳ್ಳಂಬೆಳ್ಳದ ಕೆರೆ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಭತ್ತ ಇಡುತ್ತಿದ್ದರು. ನಾಟಿಗೆ ಮುಂಚೆ ಕೆಸರು ಮಟ್ಟ ಮಾಡಬೇಕು. ನೊಗಕ್ಕೆ ಹಗ್ಗ ಬಿಗಿದು ಎತ್ತುಗಳಿಂದ ಉದ್ದನೆಯ ಹಲಗೆ ಎಳೆಸುತ್ತಿದ್ದರು. ಹಲಗೆಗೆ ಭಾರ ಬೇಕಲ್ಲ, ನಮ್ಮಂಥ ಹುಡುಗರನ್ನು ಅದರ ಮೇಲೆ ಹತ್ತಿಸುತ್ತಿದ್ದರು. ಒಬ್ಬನೇ ನಿಂತರೆ ಹಲಗೆ ಸಲೀಸಾಗಿ ಹೋಗುತ್ತಿತ್ತು. ಮೂವರು ಹತ್ತಿದರೆ ಮುಂದಿನ ಅಂಚು ಕೆಸರಿಗೆ ಕಚ್ಚಿಕೊಂಡು ಎತ್ತು ಮುಗ್ಗರಿಸುತ್ತಿದ್ದವು. ಆಗ ಅಪ್ಪ ಗದರಿಸಿ ಎತ್ತುಗಳನ್ನು ಓಡಿಸಿದರೆ ಅದೇ ಹಲಗೆ, ಅದೇ ಮೂವರು, ಆದರೂ ಹೂತಿದ್ದ ಹಲಗೆ ಮೇಲೆದ್ದು ನೀರಿನ ಮೇಲೆ ಜಾರತೊಡಗುತ್ತಿತ್ತು. ಅಂಗಾಲಿನ ಕೆಳಗೆ ಆ ಎಳೆತ ಸಡಿಲಾಗುವ ಗಳಿಗೆ ನನಗೆ ಇವತ್ತಿಗೂ ನೆನಪಿದೆ. ತೂಕ, ಹಲಗೆಯ ಅಗಲ, ಎಳೆಯುವ ವೇಗ, ಈ ಮೂರರ ಸಂಬಂಧ ಪುಸ್ತಕ ಓದುವ ಮೊದಲೇ ಕಾಲಿಗೆ ಗೊತ್ತಾಗಿತ್ತು.

ಕಡಲ ಅಲೆಯ ಮೇಲೆ ನಿಲ್ಲುವ ಸರ್ಫಿಂಗ್‌ಗೂ, ಗಾಳಿಪಟಕ್ಕೆ ಸೊಂಟ ಕಟ್ಟಿಕೊಂಡು ನೀರಿನ ಮೇಲೆ ಓಡುವ ಕೈಟ್‌ಬೋರ್ಡಿಂಗ್‌ಗೂ ಎಷ್ಟು ದೊಡ್ಡ ಹಲಗೆ ಬೇಕು ಎಂಬ ಪ್ರಶ್ನೆಗೆ ಇರುವುದು ಇದೇ ಲೆಕ್ಕ. ಆದರೆ ಕರಾವಳಿಗೆ ಕಲಿಯಲು ಬರುವವರಲ್ಲಿ ಹೆಚ್ಚಿನವರು ನನ್ನಂತೆಯೇ ಘಟ್ಟದ ಮೇಲಿನವರು. ಬೆಂಗಳೂರು, ತುಮಕೂರು, ದಾವಣಗೆರೆ ಕಡೆಯಿಂದ ನಾಲ್ಕು ದಿನದ ರಜೆಯಲ್ಲಿ ಬಂದವರು. ಅವರಿಗೆ ಹಲಗೆ ಸಿಗುವುದು ಎತ್ತರ ನೋಡಿ, ಇಲ್ಲವೆ ಆ ಹೊತ್ತಿಗೆ ಅಂಗಡಿಯಲ್ಲಿ ಇದ್ದದ್ದನ್ನು ನೋಡಿ. ನನಗೂ ಹಾಗೇ ಆಯಿತು. ಕರಾವಳಿಯ ಒಂದು ಬಾಡಿಗೆ ಅಂಗಡಿಯಲ್ಲಿ ಆರು ಅಡಿ ಎರಡು ಇಂಚಿನ, 32 ಲೀಟರ್ ಗಾತ್ರದ ಹಲಗೆ ಕೈಗಿತ್ತರು. ನನ್ನ ತೂಕ 74 ಕೆ.ಜಿ. ಮೂರು ದಿನ ಬೆಳಿಗ್ಗೆ ಬೆಳಿಗ್ಗೆ ಹಲಗೆಯ ಮೇಲೆ ಮಲಗಿ ನೀರಿಗೆ ಕೈಬಡಿದು ಭುಜ ನೋಯಿಸಿಕೊಂಡೆ, ಒಂದು ಅಲೆಯನ್ನೂ ಹಿಡಿಯಲಾಗಲಿಲ್ಲ. ವಯಸ್ಸಾಯಿತು, ಮೈಯಲ್ಲಿ ಕಸುವಿಲ್ಲ ಎಂದುಕೊಂಡು ವಾಪಸಾಗುವವನಿದ್ದೆ. ನಾಲ್ಕನೇ ದಿನ ಇನ್ನೊಂದು ಕಡೆ, ಕಲಿಸುವ ಹುಡುಗನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂಬತ್ತು ಅಡಿಯ ಸ್ಪಂಜಿನ ಹೊದಿಕೆಯ ಹಲಗೆ ತಂದು ಮರಳಿನ ಮೇಲಿಟ್ಟ. ಅವತ್ತು ಎಂಟು ಸಲ ನಿಂತೆ. ನನ್ನ ಮೈ ಅದೇ, ಕಡಲೂ ಅದೇ. ಬದಲಾದದ್ದು ಹಲಗೆ ಒಂದೇ.

ಇದರ ಹಿಂದಿನ ಲೆಕ್ಕ ಸರಳ. ಒಂದು ಲೀಟರ್ ಸಮುದ್ರದ ನೀರಿನ ತೂಕ ಸುಮಾರು 1.025 ಕೆ.ಜಿ. ಪೂರ್ತಿ ಮುಳುಗಿದ ಹಲಗೆ ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಆ ನೀರಿನ ತೂಕದಷ್ಟು ಬಲ ಅದನ್ನು ಮೇಲಕ್ಕೆತ್ತುತ್ತದೆ. 32 ಲೀಟರ್‌ನ ಹಲಗೆ ಹೆಚ್ಚೆಂದರೆ 33 ಕೆ.ಜಿ. ಹೊರಬಲ್ಲದು. ಹಲಗೆಯ ಸ್ವಂತ ತೂಕ ಮೂರು ಕೆ.ಜಿ. ಕಳೆದರೆ ಉಳಿಯುವುದು ಮೂವತ್ತು. ಉಳಿದ ಮೈಯನ್ನು ನೀರೇ ಹೊರಬೇಕು, ಅಂದರೆ ಎದೆ ಸೊಂಟವೆಲ್ಲ ನೀರೊಳಗೆ ಇರಬೇಕು. ಹಾಗೆ ಅರ್ಧ ಮುಳುಗಿದ ದೇಹ ಕೈಬಡಿದು ಅಲೆಯ ವೇಗಕ್ಕೆ ಬರುವುದು ನುರಿತವರಿಗೆ ಮಾತ್ರ ಸಾಧ್ಯ. 88 ಲೀಟರ್‌ನ ಆ ಸ್ಪಂಜಿನ ಹಲಗೆ 90 ಕೆ.ಜಿ. ಹೊರುತ್ತದೆ, ಸ್ವಂತ ತೂಕ ಏಳು ಕಳೆದರೂ 83 ಉಳಿಯಿತು. ನನ್ನನ್ನು ಪೂರ್ತಿ ಹೊತ್ತು ಮೇಲಿಟ್ಟುಕೊಳ್ಳಲು ಅಷ್ಟು ಸಾಕು. ಅದೇ ಹಲಗೆಯನ್ನು ತಂದು ಕಳ್ಳಂಬೆಳ್ಳದ ಕೆರೆಯಲ್ಲಿ ಬಿಟ್ಟರೆ ಸಿಹಿನೀರಾದ್ದರಿಂದ ಎರಡು ಕೆ.ಜಿ. ಕಡಿಮೆ ಹೊರುತ್ತದೆ. ಹೊಳೆಯಲ್ಲಿ, ಕೆರೆಯಲ್ಲಿ ನಿಂತು ಹುಟ್ಟು ಹಾಕುವ ಪ್ಯಾಡಲ್ ಹಲಗೆ ಕೊಳ್ಳುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಹಲಗೆಯ ಮೇಲೆ ಲೀಟರ್ ಬರೆಯುವ ರೂಢಿ ಹಳೆಯದಲ್ಲ. ಕಂಪ್ಯೂಟರ್‌ನಲ್ಲಿ ಆಕಾರ ಬಿಡಿಸಿ ಯಂತ್ರದಿಂದ ಕೆತ್ತಿಸುವ ಪದ್ಧತಿ ಹರಡಿದ ಮೇಲೆ ಗಾತ್ರ ಅಳೆಯುವುದು ಸುಲಭವಾಯಿತು. ಅದಕ್ಕೆ ಮುಂಚೆ ಉದ್ದ, ಅಗಲ, ದಪ್ಪ ಈ ಮೂರನ್ನಷ್ಟೇ ಹೇಳುತ್ತಿದ್ದರು. ಕೆತ್ತುವವನ ಕೈಯಲ್ಲಿ ಉಳಿದದ್ದೆಲ್ಲ ಇತ್ತು. ಹವಾಯಿ ದ್ವೀಪಗಳಲ್ಲಿ ಮುಖ್ಯಸ್ಥರು ಏರುತ್ತಿದ್ದ ಓಲೋ ಎಂಬ ಭಾರಿ ಹಲಗೆಯೂ, ಸಾಮಾನ್ಯರ ಅಲಾಯಾ ಎಂಬ ತೆಳು ಹಲಗೆಯೂ ಬೇರೆಬೇರೆಯಾಗಿದ್ದವು. ಈಜಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹಾನಾಮೊಕು 1930ರ ದಶಕದಲ್ಲಿ ಏರುತ್ತಿದ್ದ ಹಲಗೆ 16 ಅಡಿ ಉದ್ದ, ಸುಮಾರು 52 ಕೆ.ಜಿ. ತೂಕದ್ದು. ಮೂವತ್ತು ವರ್ಷ ಕಳೆದು 1967-68ರ ಹೊತ್ತಿಗೆ ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾಗಳಲ್ಲಿ ಹಲಗೆ ಒಮ್ಮೆಗೇ ಕುಗ್ಗಿತು. 1981ರಲ್ಲಿ ಸರ್ಫಿಂಗ್ ಸ್ಪರ್ಧಾಳು ಸೈಮನ್ ಆ್ಯಂಡರ್ಸನ್ ಮೂರು ರೆಕ್ಕೆಯ ಹಲಗೆಯನ್ನು ಗೆಲ್ಲಿಸಿದ ಮೇಲೆ ಚಿಕ್ಕ ಹಲಗೆಯ ಮೇಲೂ ಹಿಡಿತ ಸಿಕ್ಕಿತು. ತೊಂಬತ್ತರ ದಶಕದಲ್ಲಿ ಚಾಂಪಿಯನ್ನರ ಹಲಗೆ ಕಡ್ಡಿಯಂತೆ ತೆಳ್ಳಗಾಯಿತು, ಅದನ್ನೇ ನೋಡಿ ಲೋಕದ ಸಾಮಾನ್ಯ ಸವಾರರೂ ಕಡ್ಡಿ ಕೊಂಡರು. ಎಷ್ಟೋ ಜನರ ಕಲಿಕೆ ಅಲ್ಲಿಗೇ ನಿಂತಿತು ಎಂದು ನನಗೆ ಅನ್ನಿಸುತ್ತದೆ. ಈಗ ಮತ್ತೆ ಅಗಲದ, ದಪ್ಪದ ಹಲಗೆಗೆ ಮರ್ಯಾದೆ ಬಂದಿದೆ.

ನಮ್ಮ ರಾಜ್ಯದಲ್ಲಿ ಈ ಆಟದ ಬೇರು ಮೂಲ್ಕಿಯಲ್ಲಿದೆ. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ 2004ರಲ್ಲಿ ಅಲ್ಲಿನ ಆಶ್ರಮದಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. ಭಾರತದ ಮೊದಲ ಸರ್ಫ್ ಕ್ಲಬ್ ಎಂದು ಅದು ಹೆಸರಾಯಿತು. ಮುಂದೆ ಶಾಂಭವಿ ಮತ್ತು ನಂದಿನಿ ಹೊಳೆಗಳು ಕೂಡಿ ಕಡಲು ಸೇರುವ ಸಸಿಹಿತ್ಲು ಅಳಿವೆಯಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಮೂಲ್ಕಿಯ ತನ್ವಿ ಜಗದೀಶ್ ನಿಂತು ಹುಟ್ಟು ಹಾಕುವ ಪ್ಯಾಡಲ್ ಹಲಗೆಯಲ್ಲಿ ದೇಶದ ಹೆಸರು ಹೊತ್ತು ಹೊರನಾಡಿಗೆ ಹೋದರು. ಕರ್ನಾಟಕ ಮೂಲದ ಕುಟುಂಬದ, ಕೇರಳದ ಕೋವಳಂ ಕಡಲಲ್ಲಿ ಪಳಗಿದ ರಮೇಶ್ ಬೂದಿಹಾಳ್ 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಇವರನ್ನೆಲ್ಲ ನೋಡಿ ನಮ್ಮ ಮಕ್ಕಳೂ ಕಡಲಿಗಿಳಿಯುತ್ತಾರೆ, ಇಳಿಯಲೂಬೇಕು. ಆದರೆ ರಮೇಶ್ ಅವರಂಥ ಸ್ಪರ್ಧಾಳುಗಳ ಹಲಗೆ ಮೂವತ್ತು ಲೀಟರ್‌ನ ಆಸುಪಾಸಿನದು. ಅದು ಸಾವಿರಾರು ಅಲೆ ಹಿಡಿದ ಮೈಗೆ ಹೊಂದುವ ಹಲಗೆ. ಮೊದಲ ದಿನದವರು ನೋಡಬೇಕಾದದ್ದು ಅವರ ಕೈಲಿರುವ ಹಲಗೆಯನ್ನಲ್ಲ, ಅವರು ಮೊದಲ ದಿನ ಹಿಡಿದಿದ್ದ ಹಲಗೆಯನ್ನು.

ಕಲಿಸುವವರ ಬಾಯಲ್ಲಿ ಕೇಳಿಬರುವ ಅಂದಾಜು ಲೆಕ್ಕ ಹೀಗಿದೆ. ಹೊಸಬರಿಗೆ ತಮ್ಮ ತೂಕದಷ್ಟು ಅಥವಾ ಅದಕ್ಕಿಂತ ಶೇಕಡಾ ಹತ್ತಿಪ್ಪತ್ತು ಹೆಚ್ಚು ಲೀಟರ್. ಎಪ್ಪತ್ತು ಕೆ.ಜಿ. ಇದ್ದರೆ 70ರಿಂದ 85 ಲೀಟರ್, ಉದ್ದದಲ್ಲಿ ಎಂಟರಿಂದ ಒಂಬತ್ತು ಅಡಿ. ಮುರಿಯದ ಹಸಿರು ಅಲೆಯನ್ನು ಸ್ವಂತವಾಗಿ ಹಿಡಿದು ಪಕ್ಕಕ್ಕೆ ತಿರುಗಿಸಲು ಬಂದವರಿಗೆ ತೂಕದ ಮೂರನೇ ಎರಡು ಪಾಲಿನಷ್ಟು, 45-50 ಲೀಟರ್, ಏಳು ಅಡಿಯ ಸುತ್ತಮುತ್ತ. ನುರಿತವರಿಗೆ ತೂಕದ ಮೂರನೇ ಒಂದು ಪಾಲಿನಿಂದ ಸ್ವಲ್ಪ ಹೆಚ್ಚು. ಈ ಮೂರು ಮೆಟ್ಟಿಲಲ್ಲಿ ಎರಡನೆಯದಕ್ಕೆ ಹೋಗಲು ಕಡಲ ಪಕ್ಕದವರಿಗೆ ಒಂದು ವರ್ಷ ಸಾಕಾದರೆ, ವರ್ಷಕ್ಕೆ ಎರಡು ಸಲ ಘಟ್ಟ ಇಳಿಯುವವರಿಗೆ ಐದಾರು ವರ್ಷ ಬೇಕು. ಆದ್ದರಿಂದ ಬಯಲುಸೀಮೆಯವರು ಮೊದಲ ಹಲಗೆಯನ್ನು ಬೇಗ ಬಿಟ್ಟುಬಿಡುತ್ತೇವೆ ಎಂದು ಲೆಕ್ಕ ಹಾಕಬಾರದು. ಅದು ಬಹುಕಾಲದ ಜೊತೆಗಾರ.

ಲೀಟರ್ ಒಂದನ್ನೇ ನಂಬಿದರೂ ತಪ್ಪಾಗುತ್ತದೆ. ನಲವತ್ತೈದು ಲೀಟರ್‌ನ ಎರಡು ಹಲಗೆ ಎರಡು ಬೇರೆ ಪ್ರಾಣಿಗಳಿದ್ದ ಹಾಗೆ. ಉದ್ದ ಹೆಚ್ಚಿದ್ದರೆ ಕೈಬಡಿಯುವಾಗ ನೆಟ್ಟಗೆ, ವೇಗವಾಗಿ ಹೋಗುತ್ತದೆ. ಅಗಲ ಹೆಚ್ಚಿದ್ದರೆ ನಿಂತಾಗ ಅಲುಗುವುದು ಕಡಿಮೆ. ಹೊಸಬರಿಗೆ 22 ಇಂಚಿಗಿಂತ ಕಡಿಮೆ ಅಗಲ ಬೇಡ. ಮೂಗಿನಿಂದ ಬಾಲದವರೆಗೆ ಹಲಗೆ ಬಿಲ್ಲಿನಂತೆ ಬಾಗಿದ್ದರೆ ಕಡಿದಾದ ಅಲೆಯಲ್ಲಿ ಮೂಗು ಚುಚ್ಚುವುದಿಲ್ಲ, ಆದರೆ ಸಪ್ಪೆ ಅಲೆಯಲ್ಲಿ ನೀರನ್ನು ಎದೆಯಿಂದ ದೂಡಿಕೊಂಡು ಹೋದಂತೆ ಆಗುತ್ತದೆ. ಸಪಾಟಾದ ಹಲಗೆ ಸಪ್ಪೆ ಅಲೆಯಲ್ಲೂ ಓಡುತ್ತದೆ. ಗದ್ದೆಯ ಹಲಗೆಯ ಮುಂದಿನ ಅಂಚನ್ನು ಆಚಾರಿ ಸ್ವಲ್ಪವೇ ಸವರಿ ಕೊಡುತ್ತಿದ್ದುದು ನೆನಪಾಗುತ್ತದೆ. ಹೆಚ್ಚು ಸವರಿದರೆ ಕೆಸರು ಮಟ್ಟವಾಗದು, ಸವರದಿದ್ದರೆ ಚುಚ್ಚಿಕೊಳ್ಳುತ್ತದೆ.

ಇಲ್ಲೇ ನನ್ನ ಮುಖ್ಯ ತಕರಾರಿರುವುದು. ಇಷ್ಟು ತೂಕಕ್ಕೆ ಇಷ್ಟು ಲೀಟರ್ ಎನ್ನುವ ಹಲಗೆಯ ಕೋಷ್ಟಕಗಳು ಹುಟ್ಟಿದ್ದು ಬಲವಾದ ಅಲೆಯ ಊರುಗಳಲ್ಲಿ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡು ಮೀಟರ್ ಅಲೆಯಲ್ಲಿ ಒಂದು ಮೀಟರ್ ಅಲೆಯ ಎರಡರಷ್ಟಲ್ಲ, ನಾಲ್ಕರಷ್ಟು ಕಸುವಿದೆ. ಅಕ್ಟೋಬರ್‌ನಿಂದ ಮೇ ಮೊದಲಿನವರೆಗೆ ನಮ್ಮ ಕರಾವಳಿಯಲ್ಲಿ ಕಲಿಯುವವರಿಗೆ ಸಿಗುವುದು ಬಹುಪಾಲು ಸೊಂಟದೆತ್ತರದ, ಮೆತ್ತನೆಯ ಅಲೆ. ಅದು ನಮ್ಮನ್ನು ತಳ್ಳುವುದು ಕಡಿಮೆ, ಹಾಗಾಗಿ ಹಲಗೆಯೇ ಹೆಚ್ಚು ಕೆಲಸ ಮಾಡಬೇಕು. ಬೇರೆ ದೇಶದ ಕೋಷ್ಟಕ 40 ಲೀಟರ್ ಎಂದರೆ ಇಲ್ಲಿ ನಾನು 46 ಓದಿಕೊಳ್ಳುತ್ತೇನೆ. ಒಂದು ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಚಳಿನೀರಿನ ಊರಿನವರು ಹಾಕುವ ದಪ್ಪ ರಬ್ಬರ್ ಉಡುಪು ನೆನೆದರೆ ಭಾರ, ಭುಜ ಬಿಗಿ, ಅದಕ್ಕಾಗಿ ಅವರು ಒಂದೆರಡು ಲೀಟರ್ ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ. ನಮ್ಮ ಬೆಚ್ಚನೆಯ ಕಡಲಲ್ಲಿ ಆ ಚಿಂತೆ ಇಲ್ಲ.

ಮುಂಗಾರಿನ ಮಾತು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳೇ ಕಡಲಿಗಿಳಿಯುವುದಿಲ್ಲ. ಮಳೆ ಕಾಲಿಡುವ ಮುನ್ನಿನ ಮೇ ಕೊನೆಯಲ್ಲಿ ದೊಡ್ಡ ಅಲೆ ಎದ್ದಾಗ ನುರಿತವರ ಸ್ಪರ್ಧೆ ನಡೆಯುವುದುಂಟು. ಅವರಿಗೆ ಚಿಕ್ಕ ಹಲಗೆ ಬೇಕು, ಯಾಕೆಂದರೆ ಎದುರು ಬರುವ ನೊರೆಯ ಗೋಡೆಯ ಕೆಳಗೆ ಹಲಗೆಯನ್ನು ಮುಳುಗಿಸಿ ದಾಟಬೇಕು. 88 ಲೀಟರ್ ಹಲಗೆಯನ್ನು ಮುಳುಗಿಸುವುದು ಯಾರಿಂದಲೂ ಆಗದು. ಅಲೆ ಅದನ್ನು ಕಿತ್ತು ಹಿಂದಿದ್ದವರ ಮೇಲೆ ಎಸೆಯುತ್ತದೆ. ದೊಡ್ಡ ಹಲಗೆಯ ಅಪಾಯ ಇದೇ, ಮತ್ತು ಇದಕ್ಕೆ ಪರಿಹಾರ ಚಿಕ್ಕ ಹಲಗೆ ಕೊಳ್ಳುವುದಲ್ಲ, ಅಂಥ ದಿನ ಕಡಲಿಗೆ ಇಳಿಯದಿರುವುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಉಬ್ಬರ ಇಲ್ಲಿ ಗಾಳಿಯೇ ಇಲ್ಲದ ದಿನ ಸದ್ದಿಲ್ಲದೆ ಬಂದು ದಡ ನುಗ್ಗುವುದಕ್ಕೆ ಕೇರಳದ ಬೆಸ್ತರು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳಂಬೆಳ್ಳದವನಿಗೆ ಆ ಹೆಸರು ಕೇಳಿದ ಕೂಡಲೇ ಮನಸ್ಸಿಗೆ ಅಂಟಿತು. ಹೊರಡುವ ಮುನ್ನ ಆ ಎಚ್ಚರಿಕೆ ನೋಡದೆ ನಾನು ಬಸ್ಸು ಹತ್ತುವುದಿಲ್ಲ.

ಬಸ್ಸಿನ ಮಾತು ಬಂತು. ಒಂಬತ್ತು ಅಡಿಯ ಹಲಗೆ ಅಂದರೆ 274 ಸೆಂಟಿಮೀಟರ್. ಅದನ್ನು ಬಸ್ಸಿನಲ್ಲಿ ಒಯ್ಯಲಾಗದು, ಆಟೊದಲ್ಲೂ ಆಗದು. ಎಷ್ಟೋ ಜನ ಕಾರಿನೊಳಗೆ ಹಿಡಿಸುತ್ತದೆ ಎಂಬ ಒಂದೇ ಕಾರಣಕ್ಕೆ ಆರಡಿಯದನ್ನು ಕೊಂಡು ಕೈಸುಟ್ಟುಕೊಳ್ಳುತ್ತಾರೆ. ಊರು ದೂರವಿದ್ದವರು ಮೊದಲ ಎರಡು ಮೂರು ವರ್ಷ ಕಲಿಸುವವರ ಹಲಗೆಯನ್ನೇ ಬಾಡಿಗೆಗೆ ಪಡೆಯುವುದು ಮೇಲು. ಹಣವೂ ಉಳಿಯುತ್ತದೆ, ಬೇರೆಬೇರೆ ಗಾತ್ರವನ್ನು ಮೈಗೆ ಪರಿಚಯಿಸಿಕೊಂಡ ಹಾಗೂ ಆಗುತ್ತದೆ.

ಈಗ ಗಾಳಿಪಟದ ಕಡೆಗೆ. ಶಿರಾ, ಮಧುಗಿರಿ, ಪಾವಗಡ ಸೀಮೆಯಲ್ಲಿ ಆಷಾಢದ ಗಾಳಿ ಅಂದರೆ ಹೊಲದಲ್ಲಿ ನಿಂತವರ ಟವೆಲು ಕಿತ್ತುಕೊಂಡು ಹೋಗುವ ಗಾಳಿ. ಪಟ ಹಾರಿಸುವ ಕಾಲ ಅದು. ನಿಧಾನ ಗಾಳಿಗೆ ದೊಡ್ಡ ಪಟ, ಬಿರುಗಾಳಿಗೆ ಚಿಕ್ಕ ಪಟ, ಇಲ್ಲವೆ ಬಾಲಂಗೋಚಿ ಉದ್ದ ಮಾಡಬೇಕು ಎಂಬುದು ಸೂತ್ರ ಕಟ್ಟಲು ಬರುವ ಯಾವ ಹುಡುಗನಿಗೂ ಗೊತ್ತು. ಕೈಟ್‌ಬೋರ್ಡಿಂಗ್‌ನ ಮೊದಲ ಪಾಠವೂ ಇದೇ. 1984ರಲ್ಲಿ ಫ್ರಾನ್ಸಿನ ಲೆಗಾಯಿನ್ಯೂ ಸಹೋದರರು ಗಾಳಿ ತುಂಬಿದ ಅಂಚಿನ, ನೀರಿಗೆ ಬಿದ್ದರೂ ಮತ್ತೆ ಏಳುವ ಪಟಕ್ಕೆ ಪೇಟೆಂಟ್ ಪಡೆದರು. ತೊಂಬತ್ತರ ದಶಕದ ಕೊನೆಗೆ ಆಟ ಲೋಕಕ್ಕೆಲ್ಲ ಹರಡಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಮಾರ್ಸೇ ಕಡಲಲ್ಲಿ, ಅದು ಪದಕದ ಆಟವಾಯಿತು.

ಗಾಳಿಯ ಬಲವೂ ವೇಗದ ವರ್ಗಕ್ಕೆ ಏರುತ್ತದೆ. 12 ನಾಟ್ ಗಾಳಿ 17 ನಾಟ್ ಆದರೆ ಎಳೆತ ಎರಡು ಪಟ್ಟು. ಎಪ್ಪತ್ತೈದು ಕೆ.ಜಿ. ತೂಕದವನಿಗೆ 16-20 ನಾಟ್‌ಗೆ 12 ಚದರ ಮೀಟರ್ ಪಟ ಸರಿಹೋದರೆ, 25ರ ಹತ್ತಿರ ಹೋದಾಗ 9ಕ್ಕೆ ಇಳಿಯಬೇಕು. ಹಲಗೆಯ ಪಾತ್ರ ಆಮೇಲೆ ಬರುತ್ತದೆ, ಮತ್ತು ಇಲ್ಲಿ ಲೀಟರ್ ಲೆಕ್ಕವೇ ಇಲ್ಲ. ಎರಡೂ ತುದಿ ಒಂದೇ ಥರ ಇರುವ ಕೈಟ್ ಹಲಗೆ ನಿಂತ ನೀರಿನಲ್ಲಿ ಯಾರನ್ನೂ ಹೊರುವುದಿಲ್ಲ. ನಿಂತರೆ ಮುಳುಗುತ್ತದೆ, ಎಳೆದರೆ ಏಳುತ್ತದೆ. ನಮ್ಮ ಗದ್ದೆಯ ಹಲಗೆಗೆ ತೀರ ಹತ್ತಿರದ ನೆಂಟ ಇದು. ಇನ್ನೂ ಹತ್ತಿರದ್ದನ್ನು ನೋಡಬೇಕೆಂದರೆ ಮೂಲ್ಕಿ ಸೀಮೆಯ ಅರಸು ಕಂಬಳಕ್ಕೆ ಹೋಗಬೇಕು. ಅಡ್ಡಹಲಗೆಯ ಓಟದಲ್ಲಿ ಕೋಣಗಳು ಎಳೆಯುವ ಹಲಗೆಯ ಮೇಲೆ ಓಡಿಸುವವನು ನಿಲ್ಲುತ್ತಾನೆ. ಕನೆಹಲಗೆಯಲ್ಲಿ ಹಲಗೆಯ ತೂತಿನಿಂದ ನೀರು ಚಿಮ್ಮಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆ ಮುಟ್ಟಬೇಕು. ಹಲಗೆಯ ಮೇಲೆ ನಿಂತವನ ಮೊಣಕಾಲು ಮಡಿಚಿದ ರೀತಿ, ಹಿಂದಕ್ಕೆ ಒರಗಿ ಹಿಮ್ಮಡಿಗೆ ಭಾರ ಕೊಟ್ಟ ರೀತಿ, ಎಳೆತವನ್ನು ತೋಳಿನಿಂದಲ್ಲ ಸೊಂಟದಿಂದ ತಡೆಯುವ ರೀತಿ ನೋಡಿದರೆ, ಕೈಟ್ ಕಲಿಸುವವರು ವಾರಗಟ್ಟಲೆ ಬಾಯಿಮಾತಲ್ಲಿ ಹೇಳುವುದು ಅರೆಗಳಿಗೆಯಲ್ಲಿ ಅರ್ಥವಾಗುತ್ತದೆ. ಒಂದು ಕಡೆ ಕೋಣ, ಇನ್ನೊಂದು ಕಡೆ ಗಾಳಿ.

ಕೈಟ್ ಹಲಗೆಯ ಗಾತ್ರದ ಲೆಕ್ಕ ಸೆಂಟಿಮೀಟರ್‌ನಲ್ಲಿ. ಅರವತ್ತರಿಂದ ಎಂಬತ್ತು ಕೆ.ಜಿ. ತೂಕದ ಹೆಚ್ಚಿನವರಿಗೆ 135ರಿಂದ 140 ಉದ್ದ, 40-42 ಅಗಲ. ಅದಕ್ಕೆ ಮೇಲ್ಪಟ್ಟವರಿಗೆ 145ರವರೆಗೆ, ಹಗುರದವರಿಗೆ 130ರ ಆಸುಪಾಸು. ಕಲಿಯುವವರು ತಮ್ಮ ಅಳತೆಗಿಂತ ಐದಾರು ಸೆಂಟಿಮೀಟರ್ ಹೆಚ್ಚು ಉದ್ದ, ಒಂದೆರಡು ಹೆಚ್ಚು ಅಗಲ ತೆಗೆದುಕೊಂಡರೆ ಬೇಗ ಮೇಲೇಳುತ್ತಾರೆ, ಗಾಳಿಯ ಎದುರಿಗೆ ಓರೆಯಾಗಿ ಹೊರಟ ಜಾಗಕ್ಕೇ ಮರಳುತ್ತಾರೆ. ಹಾಗೆ ಮರಳಲು ಬಾರದವರು ದಡದುದ್ದಕ್ಕೂ ಪಟ ಹೊತ್ತು ನಡೆಯಬೇಕಾಗುತ್ತದೆ. ಉದ್ದಕ್ಕಿಂತ ಅಗಲವೇ ಇಲ್ಲಿ ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ಅನುಭವ.

ಆದರೆ ಸರ್ಫ್ ಹಲಗೆಯಲ್ಲಿ ದೊಡ್ಡದರ ಕಡೆ ವಾಲಿ ಎಂದು ನಾನು ಕೊಟ್ಟ ಸಲಹೆ ಇಲ್ಲಿ ಅಷ್ಟೇ ಧಾರಾಳವಾಗಿ ನಡೆಯುವುದಿಲ್ಲ. ಗಾಳಿ ಹೆಚ್ಚಿದಾಗ ಸವಾರ ಹಲಗೆಯ ಅಂಚನ್ನು ನೀರಿಗೆ ಒತ್ತಿಯೇ ಪಟವನ್ನು ತಡೆಯಬೇಕು. ಅಗಲದ ಹಲಗೆ ಅಂಚು ಕೊಡದೆ ನೀರಿನ ಮೇಲೆ ಟಪಟಪ ಬಡಿಯುತ್ತ ಜಾರುತ್ತದೆ, ಪಟ ಎಳೆದತ್ತ ಹೋಗಬೇಕಾಗುತ್ತದೆ. ಅಲೆಗೆ ದೊಡ್ಡ ಹಲಗೆ ಹೆಚ್ಚಾದರೆ ತಿರುಗಿಸಲು ಕಷ್ಟ ಅಷ್ಟೇ, ಗಾಳಿಗೆ ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕೈಟ್‌ನಲ್ಲಿ ಒಂದೇ ಅಳತೆ ಮೇಲೆ, ಎರಡಲ್ಲ.

ನಮ್ಮ ಕಡೆಯ ಮೆತ್ತನೆಯ ಗಾಳಿಗೆ ಮಾತ್ರ ಈ ನಿಯಮ ಸಡಿಲ. ಕರಾವಳಿಯಲ್ಲಿ, ಗೋವಾದ ಮೋರ್ಜಿಂವರೆಗೂ, ಜನವರಿಯಿಂದ ಏಪ್ರಿಲ್‌ವರೆಗೆ ಮಧ್ಯಾಹ್ನದ ಮೇಲೆ ಏಳುವ ಕಡಲಗಾಳಿ ಸಾಮಾನ್ಯವಾಗಿ ಮೆತ್ತಗಿನದು. ಬಹಳ ದಿನ 15 ನಾಟ್ ಮುಟ್ಟುವುದಿಲ್ಲ. ಇಂಥ ಗಾಳಿಗೆಂದೇ 160ರಷ್ಟು ಉದ್ದ, 46ರಷ್ಟು ಅಗಲದ ಬಾಗಿಲಿನಂಥ ಹಲಗೆಗಳಿವೆ. 138ಕ್ಕೆ 41ರ ಹಲಗೆಗಿಂತ ಇದರ ಹರವು ಸುಮಾರು ಶೇಕಡಾ ಮೂವತ್ತು ಹೆಚ್ಚು. ಇನ್ನೂ ದೊಡ್ಡ ಪಟ ಕೊಳ್ಳುವುದಕ್ಕಿಂತ ಇದು ಅಗ್ಗ, ನನ್ನ ಮಟ್ಟಿಗೆ ಸುರಕ್ಷಿತವೂ ಹೌದು, ಯಾಕೆಂದರೆ ಗಾಳಿ ತಟ್ಟನೆ ಏರಿದರೆ ದೊಡ್ಡ ಪಟವನ್ನು ಇಳಿಸುವುದಕ್ಕಿಂತ ದೊಡ್ಡ ಹಲಗೆಯನ್ನು ಕಾಲಿಂದ ಕಳಚುವುದು ಸುಲಭ. ರಾಮೇಶ್ವರದ ಕಥೆ ಬೇರೆ. ಅಲ್ಲಿ ನೈಋತ್ಯದ ಗಾಳಿಯೂ ಈಶಾನ್ಯದ ಗಾಳಿಯೂ ತಿಂಗಳುಗಟ್ಟಲೆ ಒಂದೇ ಸಮ ಬೀಸುತ್ತವೆ, ನೀರು ಆಳವಿಲ್ಲದೆ ಸಪಾಟಾಗಿರುತ್ತದೆ. ಕರ್ನಾಟಕದಿಂದ ಕೈಟ್ ಕಲಿಯಬೇಕೆನ್ನುವವರು ಮೊದಲು ಅಲ್ಲಿಗೆ ಹೋಗಲಿ ಎನ್ನುತ್ತೇನೆ. ಅಲ್ಲಿ 140ರ ಹಲಗೆಯೇ ಸಾಕು. ನೀರೊಳಗೆ ರೆಕ್ಕೆ ಚಾಚಿದ ಫಾಯಿಲ್ ಹಲಗೆಗಳಲ್ಲಿ ಹಲಗೆಯ ಅಳತೆಗಿಂತ ಕೆಳಗಿನ ರೆಕ್ಕೆಯ ಅಳತೆ ಮುಖ್ಯ. ಒಲಿಂಪಿಕ್‌ನಲ್ಲಿ ಓಡುವುದು ಅದೇ, ಹೊಸಬರ ಸಂಗತಿ ಅಲ್ಲ.

ಎರಡೂ ಆಟಗಳಲ್ಲಿ ಎತ್ತರವನ್ನು ಕೇಳಿ ಹಲಗೆ ಕೊಡುವವರನ್ನು ನಾನು ನಂಬುವುದಿಲ್ಲ. ತೂಕ ಕೇಳಬೇಕು, ಎಷ್ಟು ದಿನ ನೀರಿನಲ್ಲಿರುತ್ತೀರಿ ಎಂದು ಕೇಳಬೇಕು, ಈಜು ಬರುತ್ತದೆಯೇ ಎಂದು ಕೇಳಬೇಕು, ಆಮೇಲೆ ಆ ದಿನದ ಕಡಲನ್ನು ತಿರುಗಿ ನೋಡಬೇಕು. ಐವತ್ತು ಕೆ.ಜಿ.ಯ ಹೆಣ್ಣುಮಗಳಿಗೆ ತೊಂಬತ್ತು ಲೀಟರ್ ಹಲಗೆ ಕೊಟ್ಟರೆ ಅದನ್ನು ಕಂಕುಳಲ್ಲಿ ಹಿಡಿದು ನೀರಿನವರೆಗೆ ನಡೆಯುವಷ್ಟರಲ್ಲಿ ಅವಳ ತೋಳು ಸೋಲುತ್ತದೆ. ದೊಡ್ಡದು ಎಂದರೆ ಅವರವರ ತೂಕಕ್ಕೆ ದೊಡ್ಡದು.

ಕಳೆದ ಸಲ ಊರಿಗೆ ಹೋದಾಗ ಅಕ್ಕನ ಮಗ, ಹೈಸ್ಕೂಲು ಓದುವವನು, ತಾನೂ ಸಸಿಹಿತ್ಲಿಗೆ ಬರುತ್ತೇನೆ ಎಂದು ಹಟ ಹಿಡಿದ. ಕೆರೆಯಲ್ಲಿ ಈಜು ಕಲಿತಿದ್ದಾನೆ. ಕಡಲೆಕಾಯಿ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದೆ. 48 ಕೆ.ಜಿ. ಶೇಕಡಾ ಹತ್ತು ಕೂಡಿಸಿದರೆ 53 ಲೀಟರ್. ಏಳಡಿಯ, 22 ಇಂಚು ಅಗಲದ ಸ್ಪಂಜಿನ ಹಲಗೆ ಹತ್ತಿರ ಬರುತ್ತದೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಏಳಡಿ ಎಳೆದು ತೋರಿಸಿದೆ. ಅವನು ಗೆರೆಯ ಪಕ್ಕ ನಿಂತು, ತನಗಿಂತ ಇಷ್ಟು ಉದ್ದವೇ ಎಂದು ತಲೆಯ ಮೇಲೆ ಕೈಯೆತ್ತಿ ಅಳೆದುಕೊಂಡ. ಆಮೇಲೆ ಹಿತ್ತಿಲಿಗೆ ಓಡಿಹೋಗಿ, ಅಟ್ಟದ ಮೇಲೆ ಗೆದ್ದಲು ಹಿಡಿಯದಂತೆ ಅಪ್ಪ ಎಣ್ಣೆ ಸವರಿ ಇಟ್ಟಿದ್ದ ಗದ್ದೆಯ ಹಲಗೆಯನ್ನು ಎಳೆದು ತಂದ. ಎರಡು ಕಾಲೂ ಅಗಲಿಸಿ, ಮೊಣಕಾಲು ಮಡಿಚಿ, ಅದರ ಮೇಲೆ ನಿಂತ. ಅಕ್ಟೋಬರ್ ಬರಲಿ, ಮಳೆ ನಿಂತು ಕಡಲು ತಿಳಿಯಾಗಲಿ, ಹೋಗೋಣ ಎಂದಿದ್ದೇನೆ.